ಎಲೆಯ ಮುದ್ರೆ

ಸಂತೆಯ ದಿನ ಅಂಗಡಿಯವನು ಗಿರಾಕಿ ಕೊಟ್ಟ ಐದುನೂರು ರೂಪಾಯಿಯ ನೋಟನ್ನು ಬೆಳಕಿಗೆ ಎತ್ತಿ ಹಿಡಿದು ನೋಡುವುದನ್ನು ನೀವೆಲ್ಲರೂ ಕಂಡಿರುವಿರಿ. ಮೇಜಿನ ಮೇಲಿಟ್ಟಾಗ ಸರಿಯಾಗಿ ತೋರದ ಗಾಂಧೀಜಿಯವರ ಚಿತ್ರವೊಂದು ಆಗ ಕಾಗದದ ಒಡಲೊಳಗಿನಿಂದ ಮೂಡಿಬರುತ್ತದೆ. ಅದೇ ನೋಟನ್ನು ಬ್ಯಾಂಕಿನವರು ಅತಿನೇರಳೆ ಬೆಳಕಿನ ಕೆಳಗಿಟ್ಟರೆ ಅದರ ಕ್ರಮಸಂಖ್ಯೆಯ ಅಂಕಿಗಳು ಹೊಳೆಯುತ್ತವೆ. ಅಲ್ಲಲ್ಲಿ ಎಳೆಎಳೆಯಾದ ಸಣ್ಣ ನಾರುಗಳು ಬೆಳಗುತ್ತವೆ. ಅಂಥ ನೋಟುಗಳು ಅಚ್ಚಾಗುವ ಮುದ್ರಣಾಲಯವೊಂದು ನಮ್ಮ ಮೈಸೂರಿನಲ್ಲಿಯೇ ಇದೆ. ಕಣ್ಣಿಗೆ ಕಾಣದ ಗುರುತನ್ನು ಕಾಗದದೊಳಗೆ ಅಡಗಿಸಿ, ಖೋಟಾ ನೋಟು ಮಾಡುವವನ ಕೈಯನ್ನು ಕಟ್ಟಿಹಾಕುವ ಈ ವಿದ್ಯೆ ಇಂದು ನಿನ್ನೆಯದಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಮುದ್ರಕನೊಬ್ಬನು ಈ ವಿದ್ಯೆಗಾಗಿ ತಲೆ ಕೆಡಿಸಿಕೊಂಡಿದ್ದನು. ಅವನ ಹೆಸರು ಬೆಂಜಮಿನ್ ಫ್ರಾಂಕ್ಲಿನ್.

ಬಿರುಗಾಳಿಯಲ್ಲಿ ಗಾಳಿಪಟ ಹಾರಿಸಿ ಮಿಂಚೂ ವಿದ್ಯುತ್ತೂ ಒಂದೇ ಎಂದು ತೋರಿಸಿದವನೆಂದು ನೀವು ಅವನನ್ನು ಬಲ್ಲಿರಿ. ಅವನು ರಾಜನೀತಿಜ್ಞನೂ ಹೌದು, ಲೇಖಕನೂ ಹೌದು. ಆದರೆ ಫ್ರಾಂಕ್ಲಿನ್ನನು ಕೊನೆಯವರೆಗೂ ತನ್ನನ್ನು ಮುದ್ರಕನೆಂದೇ ಕರೆದುಕೊಳ್ಳುತ್ತಿದ್ದನು. ಅವನ ಬಾಳಿನ ಆ ಮುಖವನ್ನು ಹೆಚ್ಚು ಜನ ನೋಡಿಲ್ಲ.

ಅವನು ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ ಪಟ್ಟಣದಲ್ಲಿ. ತಂದೆ ಜೋಸಾಯ ಮೇಣದ ಬತ್ತಿಯನ್ನೂ ಸಾಬೂನನ್ನೂ ಮಾಡಿ ಮಾರುತ್ತಿದ್ದನು. ಆ ತಂದೆಗೆ ಹದಿನೇಳು ಮಕ್ಕಳು. ಗಂಡುಮಕ್ಕಳಲ್ಲಿ ಬೆಂಜಮಿನ್ನನೇ ಕೊನೆಯವನು. ಶಾಲೆಯ ಓದು ಎರಡು ವರ್ಷಕ್ಕೇ ಮುಗಿಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದನು. ಹಗಲೆಲ್ಲ ಮೊಳೆ ಜೋಡಿಸುವುದು, ರಾತ್ರಿ ಕಡ ತಂದ ಪುಸ್ತಕಗಳನ್ನು ಓದುವುದು. ಅಣ್ಣತಮ್ಮಂದಿರಿಗೆ ಹೊಂದಿಕೆಯಾಗದೆ 1723ರಲ್ಲಿ, ಹದಿನೇಳರ ಪ್ರಾಯದಲ್ಲಿ, ಹೇಳದೆ ಕೇಳದೆ ಮನೆ ಬಿಟ್ಟು ಹೊರಟು ಫಿಲಡೆಲ್ಫಿಯಾ ಸೇರಿದನು. ನಡುವೆ ಲಂಡನ್ನಿಗೆ ಹೋಗಿ ಅಲ್ಲಿನ ದೊಡ್ಡ ಮುದ್ರಣಾಲಯಗಳಲ್ಲಿ ದುಡಿದು ಕೈ ಪಳಗಿಸಿಕೊಂಡು 1726ರಲ್ಲಿ ಹಿಂದಿರುಗಿದನು.

ಆ ಕಾಲದ ಅಮೆರಿಕದಲ್ಲಿ ಮೊಳೆಗಳನ್ನು ಎರಕ ಹೊಯ್ಯುವವರಿರಲಿಲ್ಲ. ಮೊಳೆ ಸವೆದರೆ ಹಡಗಿನಲ್ಲಿ ಇಂಗ್ಲೆಂಡಿನಿಂದಲೇ ಬರಬೇಕು. ಹೀಗೆ ಮೊಳೆಗಳ ಕೊರತೆ ಬಿದ್ದಾಗ ಫ್ರಾಂಕ್ಲಿನ್ನನು ಇದ್ದ ಮೊಳೆಗಳನ್ನೇ ಸೀಸದ ಮೇಲೆ ಒತ್ತಿ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಹೊಸ ಮೊಳೆಗಳನ್ನು ಎರಕ ಹೊಯ್ದು ಕೆಲಸ ಸಾಗಿಸಿದನು. ಒಂದು ವಸ್ತುವಿನ ಆಕಾರವನ್ನು ಅಚ್ಚಿನಲ್ಲಿ ಹಿಡಿದು ಅದನ್ನು ಲೋಹಕ್ಕೆ ಇಳಿಸುವ ಈ ಕೈಚಳಕವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ದೊಡ್ಡ ಕೆಲಸಕ್ಕೆ ಬಂದಿತು.

ಈಗ ಅಂದಿನ ಹಣದ ಪರಿಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಅಮೆರಿಕವು ಆಗ ಬ್ರಿಟನ್ನಿನ ಹಲವು ವಸಾಹತುಗಳಾಗಿ ಹಂಚಿಹೋಗಿತ್ತು. ಬಟ್ಟೆಬರೆ, ಕಬ್ಬಿಣದ ಸಾಮಾನು ಮೊದಲಾದವೆಲ್ಲ ಇಂಗ್ಲೆಂಡಿನಿಂದ ಬರುತ್ತಿದ್ದವು. ಅವುಗಳ ಬೆಲೆಯಾಗಿ ಬೆಳ್ಳಿಬಂಗಾರದ ನಾಣ್ಯಗಳೆಲ್ಲ ಕಡಲು ದಾಟಿ ಹೋಗುತ್ತಿದ್ದವು. ಊರಿನಲ್ಲಿ ಕೊಡಕೊಳ್ಳುವುದಕ್ಕೆ ನಾಣ್ಯವೇ ಇಲ್ಲ. ಗೇಣಿ, ಕೂಲಿ, ಸಾಲ ಎಲ್ಲವೂ ತೊಡಕಾದವು. ಆದ್ದರಿಂದ 1690ರಲ್ಲಿ ಮಸಾಚುಸೆಟ್ಸ್ ವಸಾಹತು ಕಾಗದದ ಹಣವನ್ನು ಹೊರಡಿಸಿತು. ಚೀನೀಯರು ಅದಕ್ಕೂ ಶತಮಾನಗಳ ಹಿಂದೆಯೇ ಈ ಉಪಾಯವನ್ನು ಬಲ್ಲವರಾಗಿದ್ದರು. ಪಶ್ಚಿಮದವರಿಗೆ ಅದು ಹೊಸದು. ಒಂದೊಂದಾಗಿ ಬೇರೆ ವಸಾಹತುಗಳೂ ಅದೇ ದಾರಿ ಹಿಡಿದವು.

ಬೆಳ್ಳಿಯ ನಾಣ್ಯವನ್ನು ಉಜ್ಜಿ, ತೂಗಿ, ನಾದ ಕೇಳಿ ಪರೀಕ್ಷಿಸಬಹುದು. ಕಾಗದದ ಚೂರನ್ನು ಹೇಗೆ ಪರೀಕ್ಷಿಸುವುದು? ಅದರ ಬೆಲೆಯೆಲ್ಲ ಅದರ ಮೇಲೆ ಅಚ್ಚಾದ ಮಾತಿನಲ್ಲಿ ಅಡಗಿದೆ. ಮಾತನ್ನು ಯಾರೂ ಅಚ್ಚು ಮಾಡಬಹುದು. ಖೋಟಾ ಮಾಡುವವರು ಗುಂಪುಗುಂಪಾಗಿ ಹುಟ್ಟಿಕೊಂಡರು. ಸಿಕ್ಕಿಬಿದ್ದವರಿಗೆ ಕಿವಿ ಕತ್ತರಿಸುವ, ಚಾವಟಿಯಿಂದ ಹೊಡೆಯುವ ಶಿಕ್ಷೆಗಳಿದ್ದವು. ಮುಂದೆ, ಖೋಟಾ ಮಾಡಿದವನಿಗೆ ಮರಣವೆಂಬ ಎಚ್ಚರಿಕೆಯನ್ನು ನೋಟಿನ ಮೇಲೆಯೇ ಅಚ್ಚು ಹಾಕತೊಡಗಿದರು. ಆದರೂ ಖೋಟಾ ನಿಲ್ಲಲಿಲ್ಲ. ನಷ್ಟವನ್ನು ಹೊರುತ್ತಿದ್ದವನು ಖೋಟಾ ಮಾಡಿದವನಲ್ಲ, ತಿಳಿಯದೆ ಅದನ್ನು ಕೈಯಲ್ಲಿ ಹಿಡಿದ ಬಡವನು. ವಾರದ ಕೂಲಿಗೆ ಬಂದ ನೋಟು ಸುಳ್ಳೆಂದು ತಿಳಿದ ದಿನ ಅವನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಫ್ರಾಂಕ್ಲಿನ್ನನು ಮೊದಲ ಸಲ ನೋಟು ಅಚ್ಚು ಮಾಡುವ ಕೆಲಸಕ್ಕೆ ಕೈಹಾಕಿದ್ದು 1728ರಲ್ಲಿ. ಅವನು ಕೀಮರ್ ಎಂಬ ಮುದ್ರಕನ ಬಳಿ ಕೆಲಸಕ್ಕಿದ್ದನು. ನ್ಯೂಜೆರ್ಸಿ ವಸಾಹತಿನ ನೋಟುಗಳಿಗಾಗಿ ಇಬ್ಬರೂ ಬರ್ಲಿಂಗ್ಟನ್ ಎಂಬ ಊರಿಗೆ ಹೋದರು. ಅದಕ್ಕೆ ತಾಮ್ರದ ಫಲಕದಿಂದ ಅಚ್ಚು ತೆಗೆಯುವ ಯಂತ್ರ ಬೇಕಾಗಿತ್ತು. ಇಪ್ಪತ್ತೆರಡರ ಯುವಕನು ತಾನೇ ಅದನ್ನು ರೂಪಿಸಿದನು. ಸುಲಭವಾಗಿ ನಕಲು ಮಾಡಲಾಗದಂಥ ಅಲಂಕಾರಗಳನ್ನೂ ಗುರುತುಗಳನ್ನೂ ತನ್ನ ಕೈಯಿಂದಲೇ ಕೆತ್ತಿದನು. ಅಲ್ಲಿದ್ದ ಮೂರು ತಿಂಗಳೂ ಶಾಸನಸಭೆಯ ಸದಸ್ಯರು ಸರದಿಯ ಮೇಲೆ ಬಂದು ಯಂತ್ರದ ಪಕ್ಕದಲ್ಲಿ ಕುಳಿತಿರುತ್ತಿದ್ದರು. ಶಾಸನ ಹೇಳಿದ್ದಕ್ಕಿಂತ ಒಂದೇ ಒಂದು ನೋಟೂ ಹೆಚ್ಚು ಅಚ್ಚಾಗಕೂಡದೆಂದು ನೋಡಿಕೊಳ್ಳುವುದೇ ಅವರ ಕೆಲಸ. ಹೊರಗಿನ ಕಳ್ಳನಿಗೆ ಕೆತ್ತನೆಯ ಕಾವಲು, ಒಳಗಿನವರಿಗೆ ಈ ಸಭಾಸದರ ಕಾವಲು. ಈ ಎರಡನೆಯ ಕಾವಲಿನ ಮಾತು ಮತ್ತೆ ಬರುತ್ತದೆ.

ಮರುವರ್ಷ, 1729ರಲ್ಲಿ, ಕಾಗದದ ಹಣ ಏಕೆ ಬೇಕೆಂಬುದನ್ನು ವಿವರಿಸುವ ಪುಟ್ಟ ಪುಸ್ತಕವೊಂದನ್ನು ಅವನು ಹೆಸರು ಹಾಕದೆ ಪ್ರಕಟಿಸಿದನು. ಸಾಲ ಕೊಟ್ಟಿದ್ದ ಧನಿಕರಿಗೆ ಅದು ಹಿಡಿಸಲಿಲ್ಲ, ಜನಸಾಮಾನ್ಯರು ಮೆಚ್ಚಿದರು. ಅಷ್ಟರಲ್ಲಿ ಅವನು ಸ್ವಂತ ಅಚ್ಚುಕೂಟವನ್ನೂ ಪತ್ರಿಕೆಯನ್ನೂ ನಡೆಸತೊಡಗಿದ್ದನು. 1731ರಲ್ಲಿ ಪೆನ್ಸಿಲ್ವೇನಿಯಾದ ನೋಟುಗಳನ್ನು ಅಚ್ಚು ಮಾಡುವ ಕೆಲಸ ಅವನಿಗೇ ದೊರೆಯಿತು. ಕಾಗದದ ಹಣ ಬೇಕೆಂದು ವಾದಿಸಿದವನಿಗೇ ಅದನ್ನು ಅಚ್ಚು ಹಾಕುವ ಲಾಭವೂ ಸಂದಿತು ಎಂದು ಯಾರಾದರೂ ಮೂಗು ಮುರಿದರೆ ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕೆಲಸಕ್ಕೆ ಅವನು ಸುರಿದ ಬುದ್ಧಿಯನ್ನು ನೋಡಿದರೆ, ಲಾಭವೊಂದೇ ಅವನ ಗುರಿಯಾಗಿತ್ತೆಂದು ಹೇಳುವುದೂ ಕಷ್ಟ.

ಮನುಷ್ಯನ ಕೈ ಕೆತ್ತಿದ್ದನ್ನು ಇನ್ನೊಬ್ಬ ಮನುಷ್ಯನ ಕೈ ಕೆತ್ತಬಲ್ಲದು. ಎಷ್ಟೇ ಸೂಕ್ಷ್ಮವಾದ ಬಳ್ಳಿಯನ್ನು ಬಿಡಿಸಿದರೂ ತಾಳ್ಮೆಯುಳ್ಳ ಕಳ್ಳ ಕೆತ್ತನೆಗಾರನೊಬ್ಬನು ಅದನ್ನು ನಕಲು ಮಾಡಿಯೇ ಮಾಡುತ್ತಾನೆ. ಹಾಗಾದರೆ ಮನುಷ್ಯನ ಕೈ ಮಾಡದ ಚಿತ್ರ ಯಾವುದಿದೆ?

ಇದಕ್ಕೆ ಉತ್ತರವು ಫ್ರಾಂಕ್ಲಿನ್ನನಿಗೆ ಸ್ನೇಹಿತರ ಗೋಷ್ಠಿಯಲ್ಲಿ ದೊರೆತಂತೆ ತೋರುತ್ತದೆ. 1727ರಲ್ಲಿ ಅವನು ಕಟ್ಟಿದ್ದ ಗೆಳೆಯರ ಕೂಟದಲ್ಲಿ ಜೋಸೆಫ್ ಬ್ರೈಂಟ್ನಾಲ್ ಎಂಬವನಿದ್ದನು. ಗಿಡಮರಗಳ ಎಲೆಗಳಿಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿ ಅವುಗಳ ಪಡಿಯಚ್ಚನ್ನು ಸಂಗ್ರಹಿಸುವುದು ಆತನ ಹವ್ಯಾಸ. ನೀವೂ ಚಿಕ್ಕಂದಿನಲ್ಲಿ ಅರಳಿ ಎಲೆಯನ್ನು ನೀರಿನಲ್ಲಿ ಕೊಳೆಹಾಕಿ, ತಿರುಳೆಲ್ಲ ಕಳೆದ ಮೇಲೆ ಉಳಿಯುವ ನರಗಳ ಬಲೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡಿರಬಹುದು. ಆ ಬಲೆಯನ್ನು ಗಮನವಿಟ್ಟು ನೋಡಿದ್ದರೆ ಒಂದು ಸಂಗತಿ ತಿಳಿದಿರುತ್ತದೆ. ನಡುವಿನ ದಪ್ಪ ನರದಿಂದ ಕವಲೊಡೆದು, ಕವಲಿನಿಂದ ಕವಲೊಡೆದು, ಕೊನೆಗೆ ಕಣ್ಣಿಗೆ ನಿಲುಕದಷ್ಟು ತೆಳ್ಳಗಾಗುವ ಆ ಗೆರೆಗಳು ಎರಡು ಎಲೆಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಒಂದೇ ಮರದ ಅಕ್ಕಪಕ್ಕದ ಎಲೆಗಳಲ್ಲಿಯೂ ಇರುವುದಿಲ್ಲ. ದಪ್ಪದಿಂದ ತೆಳುವಿಗೆ ಜಾರುವ ಅದರ ನಯವನ್ನು ಉಳಿಯ ಮೊನೆಯಿಂದ ಕೆತ್ತಿ ತೋರುವುದು ಅಂದಿನ ಯಾವ ಕೆತ್ತನೆಗಾರನಿಗೂ ಸಾಧ್ಯವಿರಲಿಲ್ಲ.

ಎಲೆಯನ್ನು ನೋಟಿನ ಬೆನ್ನಿಗೆ ಮುದ್ರಿಸಿದರೆ ಹೇಗೆ? ಆಲೋಚನೆ ಸುಲಭ, ಕೆಲಸ ಕಷ್ಟ. ಎಲೆಗೆ ನೇರವಾಗಿ ಮಸಿ ಬಳಿದು ಒತ್ತಿದರೆ ಕೆಲವು ಪ್ರತಿಗಳು ಬರಬಹುದು. ಅಷ್ಟರಲ್ಲಿ ಎಲೆ ನಜ್ಜುಗುಜ್ಜಾಗುತ್ತದೆ. ನೋಟುಗಳೋ ಸಾವಿರಾರು ಬೇಕು. ಮೃದುವಾದ ಎಲೆಯನ್ನು ಗಟ್ಟಿ ಲೋಹಕ್ಕೆ ಇಳಿಸಬೇಕು. ಮೊಳೆಗಳನ್ನು ಎರಕ ಹೊಯ್ದ ಹಳೆಯ ಅನುಭವ ಇಲ್ಲಿ ಅವನ ನೆರವಿಗೆ ಬಂದಿರಬೇಕು. 1739ರಲ್ಲಿ ಪೆನ್ಸಿಲ್ವೇನಿಯಾದ ನೋಟುಗಳ ಬೆನ್ನಿನ ಮೇಲೆ ಎಲೆಗಳು ಮೂಡಿದವು. ಅದಕ್ಕೂ ಸ್ವಲ್ಪ ಮೊದಲೇ ನ್ಯೂಜೆರ್ಸಿಯ ನೋಟುಗಳಲ್ಲಿ ಅವನು ಇದನ್ನು ಪ್ರಯೋಗಿಸಿ ನೋಡಿದ್ದನು. ಬೇರೆ ಬೇರೆ ಬೆಲೆಯ ನೋಟಿಗೆ ಬೇರೆ ಬೇರೆ ಎಲೆ. ಚಿಕ್ಕ ನೋಟಿನ ಅಂಕಿಯನ್ನು ತಿದ್ದಿ ದೊಡ್ಡದನ್ನಾಗಿ ಮಾಡುವ ಕಳ್ಳನು ಮುಂಬದಿಯನ್ನು ತಿದ್ದಿದರೂ ಹಿಂಬದಿಯ ಎಲೆ ಅವನ ಗುಟ್ಟನ್ನು ಹೊರಹಾಕುತ್ತಿತ್ತು. ಓದು ಬಾರದವನೂ ಎಲೆಯನ್ನು ಗುರುತಿಸಬಲ್ಲನಷ್ಟೆ. ಈ ಉಪಾಯದ ಸೊಗಸೆಲ್ಲ ಅಲ್ಲಿದೆಯೆಂದು ನನಗೆ ತೋರುತ್ತದೆ.

ಎಲೆಯಂತೂ ಕಣ್ಣಿಗೆ ಕಾಣುವ ಗುರುತು. ಕಾಣದ ಗುರುತುಗಳೂ ಇದ್ದವು. ಕಾಗದವನ್ನು ತಯಾರಿಸುವಾಗ ಅದರ ತಿರುಳಿನಲ್ಲಿ ಅಭ್ರಕದ ಸಣ್ಣ ಹಳಕುಗಳನ್ನು ಬೆರೆಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರವೆಂದು ಕರೆಯುತ್ತಾರಲ್ಲ, ಅದೇ. ನೋಟನ್ನು ಓರೆಯಾಗಿ ಹಿಡಿದರೆ ಅಲ್ಲಲ್ಲಿ ಮಿನುಗು. ಸುಮ್ಮನೆ ನೋಡಿದರೆ ಏನೂ ಇಲ್ಲ. ಕಾಗದದೊಳಗೆ ನೀಲಿ ಬಣ್ಣದ ಸಣ್ಣ ನಾರುಗಳನ್ನೂ ಸೇರಿಸುತ್ತಿದ್ದರು. ಇನ್ನು ಮಸಿ. ಅಂದಿನ ಮುದ್ರಕರು ಸಾಮಾನ್ಯವಾಗಿ ಸುಟ್ಟ ಎಲುಬಿನ ಇದ್ದಿಲಿನಿಂದಲೋ ದೀಪದ ಕಾಡಿಗೆಯಿಂದಲೋ ಕಪ್ಪು ಮಸಿಯನ್ನು ಮಾಡುತ್ತಿದ್ದರು. ಫ್ರಾಂಕ್ಲಿನ್ನನು ನೋಟಿಗೆ ಗ್ರಾಫೈಟನ್ನು, ಅಂದರೆ ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವ ಕಪ್ಪು ವಸ್ತುವನ್ನು, ಬಳಸಿದನು. ಬರಿಗಣ್ಣಿಗೆ ಎರಡೂ ಕಪ್ಪೇ. ನಕಲು ಮಾಡುವವನು ತನ್ನ ಮಸಿಯೂ ಕಪ್ಪು, ಅಸಲಿನ ಮಸಿಯೂ ಕಪ್ಪು ಎಂದು ನಂಬಿ ಮೋಸ ಹೋಗುತ್ತಿದ್ದನು.

ಫ್ರಾಂಕ್ಲಿನ್ನನ ಸ್ವಭಾವವನ್ನು ಬಲ್ಲವರಿಗೆ ಇಲ್ಲಿ ಒಂದು ಆಶ್ಚರ್ಯ ಕಾದಿದೆ. ತಾನು ಕಂಡುಹಿಡಿದುದನ್ನೆಲ್ಲ ಜನರಿಗೆ ಧಾರಾಳವಾಗಿ ಹಂಚಿಬಿಡುವುದು ಅವನ ರೀತಿ. ಸೌದೆ ಉಳಿಸುವ ಹೊಸ ಬಗೆಯ ಒಲೆಯನ್ನು ಮಾಡಿದಾಗ ರಾಜ್ಯಪಾಲನು ಅದರ ಮಾರಾಟದ ಏಕಸ್ವಾಮ್ಯವನ್ನು ಕೊಡಲು ಮುಂದೆ ಬಂದರೂ ಅವನು ಒಪ್ಪಲಿಲ್ಲ; ಬೇರೆಯವರ ಆವಿಷ್ಕಾರಗಳ ಫಲವನ್ನು ನಾವು ಉಣ್ಣುತ್ತಿರುವಾಗ ನಮ್ಮದನ್ನೂ ಹಾಗೆಯೇ ಕೊಡಬೇಕೆಂಬುದು ಅವನ ಮತ. 1752ರ ಗಾಳಿಪಟದ ಪ್ರಯೋಗದ ಬಳಿಕ ಸಿಡಿಲಿನಿಂದ ಮನೆಗಳನ್ನು ಕಾಪಾಡುವ ಕಬ್ಬಿಣದ ಸಲಾಕೆಯ ವಿವರವನ್ನು ಪಂಚಾಂಗದಲ್ಲಿ ಅಚ್ಚು ಹಾಕಿ ಎಲ್ಲರಿಗೂ ತಿಳಿಸಿದನು. ಇಂಥವನು ಎಲೆಯ ಮುದ್ರೆಯ ವಿಷಯದಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಮಕ್ಕಳಿಗೂ ಅರ್ಥವಾಗುವಂತೆ ತನ್ನ ಬಾಳಿನ ಕಥೆಯನ್ನು ಬರೆದವನು ಅದರಲ್ಲಿ ಈ ವಿಧಾನವನ್ನು ವಿವರಿಸಲಿಲ್ಲ. ಒಲೆಯ ಗುಟ್ಟು ಎಲ್ಲರಿಗೂ ತಿಳಿದಷ್ಟೂ ಲೋಕಕ್ಕೆ ಲಾಭ. ನೋಟಿನ ಗುಟ್ಟು ಒಬ್ಬ ಕಳ್ಳನಿಗೆ ತಿಳಿದರೂ ಲೋಕಕ್ಕೆಲ್ಲ ನಷ್ಟ.

1748ರಲ್ಲಿ, ನಲವತ್ತೆರಡನೆಯ ವಯಸ್ಸಿಗೆ, ಅವನು ಅಚ್ಚುಕೂಟದ ದಿನದಿನದ ಹೊಣೆಯನ್ನು ಪಾಲುದಾರ ಡೇವಿಡ್ ಹಾಲ್ ಎಂಬವನಿಗೆ ಒಪ್ಪಿಸಿ ವಿಜ್ಞಾನಕ್ಕೂ ಸಾರ್ವಜನಿಕ ಕೆಲಸಕ್ಕೂ ತಿರುಗಿದನು. ಇಬ್ಬರ ಹೆಸರಿನಲ್ಲಿ ನೋಟುಗಳು 1764ರವರೆಗೆ ಅಚ್ಚಾದವು. ಫ್ರಾಂಕ್ಲಿನ್ನನ ಅಚ್ಚುಕೂಟದಿಂದ ಹೊರಬಂದ ನೋಟುಗಳ ಒಟ್ಟು ಸಂಖ್ಯೆ ಸುಮಾರು 25 ಲಕ್ಷವೆಂದು ಲೆಕ್ಕಹಾಕಿದ್ದಾರೆ.

ಅವನ ಬಾಳಿನಲ್ಲಿ ಕಪ್ಪು ಚುಕ್ಕೆಗಳಿರಲಿಲ್ಲವೆಂದಲ್ಲ. ಅವನ ಮನೆಯಲ್ಲಿ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಬರುತ್ತಿದ್ದವು. ಮುಪ್ಪಿನಲ್ಲಿ ಅವನ ಮನಸ್ಸು ತಿರುಗಿತು. 1787ರಲ್ಲಿ ಗುಲಾಮಗಿರಿಯ ವಿರುದ್ಧದ ಸಂಘವೊಂದರ ಅಧ್ಯಕ್ಷನಾದನು. ಸಾಯುವ ಎರಡು ತಿಂಗಳ ಮೊದಲು ಆ ಪದ್ಧತಿಯನ್ನು ತೊಡೆದುಹಾಕಬೇಕೆಂಬ ಮನವಿಗೆ ಸಹಿ ಹಾಕಿ ರಾಷ್ಟ್ರಸಭೆಗೆ ಕಳುಹಿಸಿದನು.

ಬ್ರಿಟಿಷ್ ಸಂಸತ್ತು 1764ರಲ್ಲಿ ವಸಾಹತುಗಳ ಕಾಗದದ ಹಣಕ್ಕೆ ಕಡಿವಾಣ ಹಾಕಿತು. ಲಂಡನ್ನಿನಲ್ಲಿ ವಸಾಹತಿನ ಪ್ರತಿನಿಧಿಯಾಗಿದ್ದ ಫ್ರಾಂಕ್ಲಿನ್ನನು ಅದನ್ನು ತೆಗೆಸಲು ವರ್ಷಗಟ್ಟಲೆ ಹೆಣಗಿದನು. ಕೊನೆಗೆ ವಸಾಹತುಗಳು ಸ್ವಾತಂತ್ರ್ಯಕ್ಕಾಗಿ ಹೋರಾಟಕ್ಕೆ ಇಳಿದವು. ಸೈನಿಕರಿಗೆ ಸಂಬಳ, ಮದ್ದುಗುಂಡು, ದವಸ ಎಲ್ಲಕ್ಕೂ ಹಣ ಬೇಕು. ತೆರಿಗೆ ಹಾಕುವ ಅಧಿಕಾರ ಆ ರಾಷ್ಟ್ರಸಭೆಗೆ ಇಲ್ಲ. ಅದು 1775ರಿಂದ ನೋಟುಗಳನ್ನು ಹೊರಡಿಸತೊಡಗಿತು. ಅಚ್ಚು ಹಾಕಿದವರು ಫ್ರಾಂಕ್ಲಿನ್ನನ ಹಳೆಯ ಅಚ್ಚುಕೂಟದ ಉತ್ತರಾಧಿಕಾರಿಗಳಾದ ಹಾಲ್ ಮತ್ತು ಸೆಲ್ಲರ್ಸ್. ಆದ್ದರಿಂದ ಆ ನೋಟುಗಳ ಬೆನ್ನಿನ ಮೇಲೂ ಎಲೆಗಳು ಬಂದವು. ಕಾಗದದಲ್ಲಿ ಅಭ್ರಕವೂ ನೀಲಿ ನಾರೂ ಬಂದವು. ನೋಟಿನ ಮೇಲೆ ಅಧಿಕಾರಿಗಳು ಕೈಯಾರೆ ಸಹಿ ಹಾಕಿ ಸಂಖ್ಯೆ ಬರೆಯುತ್ತಿದ್ದರು.

ಈ ಸಲದ ಖೋಟಾಗಾರನು ಮೂಲೆಯಲ್ಲಿ ಅಡಗಿ ಕೆಲಸ ಮಾಡುವ ಬಡ ಕಳ್ಳನಾಗಿರಲಿಲ್ಲ; ಎದುರಾಳಿಯಾದ ಬ್ರಿಟಿಷ್ ಸೇನೆಯೇ ಆಗಿತ್ತು. 1776ರ ಮೊದಲ ತಿಂಗಳಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಿಂತಿದ್ದ ಫೀನಿಕ್ಸ್ ಎಂಬ ಯುದ್ಧನೌಕೆಯಲ್ಲಿ ಖೋಟಾ ನೋಟುಗಳು ಅಚ್ಚಾಗತೊಡಗಿದವು. 1777ರಲ್ಲಿ ಬ್ರಿಟಿಷರ ವಶದಲ್ಲಿದ್ದ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ, ಬೇರೆ ವಸಾಹತುಗಳಿಗೆ ಪ್ರಯಾಣ ಹೋಗುವವರಿಗೆ ಕಾಗದದ ಬೆಲೆಗೇ ಬೇಕಾದಷ್ಟು ಖೋಟಾ ನೋಟು ಕೊಡುವುದಾಗಿ ಬಹಿರಂಗವಾಗಿ ಜಾಹೀರಾತು ಬಂದಿತು. ಗುಂಡಿನಿಂದ ಮಾಡಲಾಗದುದನ್ನು ಸುಳ್ಳು ಕಾಗದದಿಂದ ಮಾಡುವ ಹಂಚಿಕೆ ಅದು.

ಇಷ್ಟಾದರೂ ಆ ಹಣವನ್ನು ಹೆಚ್ಚಾಗಿ ಕೆಡಿಸಿದ್ದು ಶತ್ರುವಿನ ಖೋಟಾ ಅಲ್ಲ. ಯುದ್ಧ ಬೆಳೆದಂತೆ ರಾಷ್ಟ್ರಸಭೆ ಮತ್ತೆ ಮತ್ತೆ ನೋಟು ಹೊರಡಿಸಿತು. 1775ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟದ್ದು 20 ಲಕ್ಷ ಡಾಲರುಗಳಿಗೆ. 1779ರ ಕೊನೆಯ ಹೊತ್ತಿಗೆ ಅದು ಸುಮಾರು 20 ಕೋಟಿಯನ್ನು ಮುಟ್ಟಿತ್ತು. ಪ್ರತಿಯೊಂದು ನೋಟೂ ಅಸಲು. ಎಲೆಯ ನರಗಳು ಸರಿಯಾಗಿದ್ದವು, ಅಭ್ರಕ ಮಿನುಗುತ್ತಿತ್ತು, ಸಹಿ ನಿಜವಾದುದು. ಆದರೂ 1780ರ ಮಾರ್ಚಿನಲ್ಲಿ ರಾಷ್ಟ್ರಸಭೆಯೇ ನಲವತ್ತು ಡಾಲರ್ ಕಾಗದಕ್ಕೆ ಒಂದು ಡಾಲರ್ ಬೆಳ್ಳಿ ಎಂದು ಸಾರಬೇಕಾಯಿತು. ಸೈನಿಕನು ವರ್ಷವಿಡೀ ದುಡಿದು ಪಡೆದ ಸಂಬಳ ಸಂಸಾರದ ಕೆಲವು ದಿನಗಳ ಖರ್ಚಿಗೂ ಸಾಲದಾಯಿತು. ಬೆಲೆಬಾಳದ ವಸ್ತುವಿಗೆ ಆ ನೋಟಿನ ಹೆಸರೇ ಗಾದೆಯಾಗಿ ಹೋಯಿತು. ಬರ್ಲಿಂಗ್ಟನ್ನಿನಲ್ಲಿ ಯಂತ್ರದ ಪಕ್ಕ ಕುಳಿತು ಲೆಕ್ಕ ನೋಡುತ್ತಿದ್ದ ಸಭಾಸದರಂಥವರು ಈಗ ಯಾರೂ ಇರಲಿಲ್ಲ; ಇದ್ದರೂ, ಮುತ್ತಿಗೆ ಹಾಕಿದ ಶತ್ರುವಿನ ಮುಂದೆ ಯಂತ್ರ ನಿಲ್ಲಿಸಿ ಎನ್ನುವ ಧೈರ್ಯ ಅವರಿಗೆ ಬರುತ್ತಿತ್ತೇ ಎಂದು ಕೇಳಬಹುದು.

ಫ್ರಾಂಕ್ಲಿನ್ನನು ಆಗ ಫ್ರಾನ್ಸಿನಲ್ಲಿದ್ದನು. 1776ರ ಕೊನೆಯಲ್ಲಿ ಅಲ್ಲಿಗೆ ಹೋದ ಎಪ್ಪತ್ತರ ಮುದುಕನು ಫ್ರೆಂಚರಿಂದ ಸಾಲವನ್ನೂ ಸೈನ್ಯವನ್ನೂ ಸಂಪಾದಿಸಿ ತನ್ನ ನಾಡಿನ ಯುದ್ಧವನ್ನು ಉಳಿಸಿದನು. ತಾನು ಕಾಪಾಡಲು ಹೆಣಗಿದ ಕಾಗದದ ಹಣ ಕಣ್ಣ ಮುಂದೆಯೇ ಕರಗಿದುದನ್ನು ಕುರಿತು ಸ್ನೇಹಿತರಿಗೆ ಬರೆದ ಕಾಗದಗಳಲ್ಲಿ ಅವನು ಅದನ್ನು ಒಂದು ಬಗೆಯ ತೆರಿಗೆಯೆಂದು ಬಗೆದನು. ನೋಟು ಯಾರ ಕೈಯಲ್ಲಿದ್ದಾಗ ಎಷ್ಟು ಬೆಲೆ ಇಳಿಯಿತೋ ಅವನು ಯುದ್ಧಕ್ಕೆ ಅಷ್ಟು ತೆರಿಗೆ ತೆತ್ತಂತೆ. ಮಾತಿನಲ್ಲಿ ಜಾಣತನವಿದೆ. ವಾರದ ಕೂಲಿಯವನಿಗೆ ಅದರಿಂದ ಎಷ್ಟು ಸಮಾಧಾನವಾಗಿದ್ದೀತೋ ಹೇಳಲಾಗದು.

1783ರ ಶಾಂತಿಯ ಒಪ್ಪಂದಕ್ಕೆ ಸಹಿ ಹಾಕಿ, 1785ರಲ್ಲಿ ಊರಿಗೆ ಮರಳಿ, 1787ರಲ್ಲಿ ಹೊಸ ಸಂವಿಧಾನದ ರಚನೆಯಲ್ಲಿ ಪಾಲುಗೊಂಡು, 1790ರ ಏಪ್ರಿಲ್ 17ರಂದು ಎಂಬತ್ತನಾಲ್ಕರ ವಯಸ್ಸಿನಲ್ಲಿ ಅವನು ಫಿಲಡೆಲ್ಫಿಯಾದಲ್ಲಿ ತೀರಿಕೊಂಡನು. ಎಲೆಯ ಗುಟ್ಟನ್ನು ಬರೆದಿಡಲಿಲ್ಲ.

ಅದನ್ನು ಬಿಡಿಸಲು ಇನ್ನೂರು ವರ್ಷಗಳೇ ಬೇಕಾದವು. 1964ರಲ್ಲಿ ಎರಿಕ್ ನ್ಯೂಮನ್ ಎಂಬ ನಾಣ್ಯತಜ್ಞನು ಹಳೆಯ ನೋಟುಗಳನ್ನು ಹಿಗ್ಗಿಸಿ ನೋಡುತ್ತ, ಎಲೆಯ ಹಿನ್ನೆಲೆಯಲ್ಲಿ ಬಟ್ಟೆಯ ನೇಯ್ಗೆಯ ಗುರುತಿರುವುದನ್ನು ಗಮನಿಸಿ ವಿಧಾನವನ್ನು ಊಹಿಸಿದನು. ಒದ್ದೆ ಬಟ್ಟೆಯ ಮೇಲೆ ಎಲೆಯನ್ನು ಹಾಸಿ, ಅದರ ಪಡಿಯಚ್ಚನ್ನು ಗಾರೆಯಂಥ ಪುಡಿಯ ಹಸಿ ಮುದ್ದೆಯಲ್ಲಿ ಹಿಡಿದು, ಮುದ್ದೆ ಗಟ್ಟಿಯಾದ ಮೇಲೆ ಅದರಿಂದ ಲೋಹದ ಎರಕ ತೆಗೆದಿರಬೇಕೆಂಬುದು ಅದರ ಸಾರ. ಸೇಜ್ ಎಂಬ ಸುವಾಸನೆಯ ಗಿಡದ ಎಲೆಯುಳ್ಳ ಅಂಥ ಲೋಹದ ಅಚ್ಚೊಂದು ಫಿಲಡೆಲ್ಫಿಯಾ ಸಮೀಪದ ಹಳೆಯ ವಿಜ್ಞಾನ ಸಂಸ್ಥೆಯೊಂದರಲ್ಲಿ ಈ ಶತಮಾನದಲ್ಲಿ ಬೆಳಕಿಗೆ ಬಂದಿತು. 2023ರಲ್ಲಿ ಅಮೆರಿಕದ ನೊಟ್ರೆ ಡೇಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಕಾಲದ ಸುಮಾರು 600 ನೋಟುಗಳನ್ನು ಹೊಸ ಉಪಕರಣಗಳಿಂದ ಪರೀಕ್ಷಿಸಿ, ಗ್ರಾಫೈಟಿನ ಮಸಿಯನ್ನೂ ನೀಲಿ ನಾರನ್ನೂ ಅಭ್ರಕವನ್ನೂ ಒಂದೊಂದಾಗಿ ಗುರುತಿಸಿ ಪ್ರಕಟಿಸಿದರು.

ಇಂದು ಅಮೆರಿಕದ ನೂರು ಡಾಲರಿನ ನೋಟಿನ ಮೇಲೆ ಫ್ರಾಂಕ್ಲಿನ್ನನ ಮುಖವಿದೆ. ಆ ನೋಟನ್ನು ಬೆಳಕಿಗೆ ಹಿಡಿದರೆ ಅದೇ ಮುಖವು ಕಾಗದದೊಳಗಿನಿಂದ ಇನ್ನೊಮ್ಮೆ ಮಬ್ಬಾಗಿ ಕಾಣುತ್ತದೆ. ಅತಿನೇರಳೆ ಬೆಳಕಿನಲ್ಲಿಟ್ಟರೆ, ಅದರ ಪಕ್ಕದಲ್ಲಿ ಅಡಗಿದ ದಾರವೊಂದು ಗುಲಾಬಿ ಬಣ್ಣದಿಂದ ಹೊಳೆಯುತ್ತದೆ.